ಬೀಡಿನ ಬುಲೆಟ್‌ನಿಂದ ಟ್ರಯಲ್ಸ್ ಗಾಡಿ: ಹುಬ್ಬಳ್ಳಿ-ಧಾರವಾಡದವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ರಾಯಲ್ ಎನ್‌ಫೀಲ್ಡ್ ಬುಲೆಟ್ ಅಂದರೆ ಗತ್ತಿನ ಗಾಡಿ. ಮದುವೆ ಮೆರವಣಿಗೆಯ ಮುಂದೆ, ಜಾತ್ರೆಯ ಗದ್ದಲದಲ್ಲಿ, ಗೌಡರ ಮನೆಯ ಕಟ್ಟೆಯ ಪಕ್ಕದಲ್ಲಿ ಅದನ್ನು ನೋಡಿ ರೂಢಿ. ಅದು ಹುಟ್ಟಿದ್ದು ಕಲ್ಲು-ಕೆಸರಿಗಾಗಿ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಿಂಚಕ್ರ ಮೇಲೆ-ಕೆಳಗೆ ಆಡುವಂತೆ ಸ್ವಿಂಗ್ ಆರ್ಮ್ ಹಾಕಿದ 350 ಬುಲೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಕೋಲ್ಮೋರ್ ಟ್ರಯಲ್ ಸ್ಪರ್ಧೆಯಲ್ಲಿ. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್‌ನಲ್ಲಿ ಬುಲೆಟ್ ಓಡಿಸಿದ ಇಬ್ಬರು ಚಿನ್ನದ ಪದಕ ತಂದರು. ಜಾನಿ ಬ್ರಿಟನ್ ಎಂಬ ಸವಾರ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಅನ್ನು 1952ರಲ್ಲೊಮ್ಮೆ, 1957ರಲ್ಲೊಮ್ಮೆ ಗೆದ್ದದ್ದು ಎನ್‌ಫೀಲ್ಡ್ ಮೇಲೆಯೇ.

ಟ್ರಯಲ್ಸ್ ಅಂದರೆ ರೇಸ್ ಅಂತ ತಿಳಿಯುವವರಿದ್ದಾರೆ. ಇಲ್ಲಿ ವೇಗಕ್ಕೆ ಅಂಕವಿಲ್ಲ. ಬಂಡೆ, ಹಳ್ಳ, ಕಡಿದಾದ ಏರು ಇರುವ ಒಂದು ಸಣ್ಣ ತುಂಡು ಜಾಗಕ್ಕೆ ಗಡಿ ಕಟ್ಟಿರುತ್ತಾರೆ. ಅದನ್ನು ಕಾಲು ಊರದೆ ದಾಟಬೇಕು. ಒಮ್ಮೆ ಕಾಲು ಊರಿದರೆ ಒಂದು ಅಂಕ ದಂಡ, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚು ಊರಿದರೆ ಮೂರು. ಬಿದ್ದರೆ ಅಥವಾ ಗಡಿ ದಾಟಿದರೆ ಐದು. ಕೊನೆಗೆ ಕಡಿಮೆ ಅಂಕದವನೇ ಗೆದ್ದವನು. ಹೀಗಾಗಿ ಗಾಡಿಗೆ ಬೇಕಾದದ್ದು ಮನುಷ್ಯ ನಡೆಯುವ ವೇಗದಲ್ಲಿ ಬಂದ್ ಬೀಳದೆ ಎಳೆಯುವ ಎಂಜಿನ್. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ: ರೊಕ್ಕ ಮತ್ತು ಶ್ರಮ ಎರಡನ್ನೂ ಮೊದಲು ಎಣ್ಣೆ, ಬಿಡಿಭಾಗಗಳ ನಡುವಿನ ಸಂದು, ಕಿಡಿ, ಟೈರಿಗೆ ಹಾಕಿ, ಕ್ರೋಮು, ಬಣ್ಣ ಆಮೇಲೆ ನೋಡೋಣ.

ಯಾಕೆ ಬುಲೆಟ್ಟೇ

ಸ್ಪೇನಿನ ಬುಲ್ಟಾಕೊ, ಮೊಂಟೆಸಾದಂಥ ಹೆಸರಾಂತ ಟ್ರಯಲ್ಸ್ ಗಾಡಿಗಳು ಹುಬ್ಬಳ್ಳಿಯ ಗುಜರಿಯಲ್ಲಿ ಸಿಗುವ ಮಾಲಲ್ಲ. ಬುಲೆಟ್ಟಿನ ಮಾತೇ ಬೇರೆ. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿತು, ಆದರೆ ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ಅದೇ 70 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 90 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) 346 ಸಿಸಿ ಎಂಜಿನ್ನನ್ನು ದಶಕಗಟ್ಟಲೆ ಮಾಡುತ್ತಲೇ ಹೋಯಿತು. ಹೊಸ ಶತಮಾನ ಬಂದ ಮೇಲೂ ಬೀಡಿನ, ಅಂದರೆ ಎರಕದ ಕಬ್ಬಿಣದ, ಸಿಲಿಂಡರ್ ಇದ್ದ ಗಾಡಿ ಕಾರ್ಖಾನೆಯಿಂದ ಹೊರಬರುತ್ತಿತ್ತು. ಹೀಗಾಗಿ 1950ರ ದಶಕದ ವಿನ್ಯಾಸದ ಪಿಸ್ಟನ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಉದ್ದ ಸ್ಟ್ರೋಕ್, ಭಾರದ ಫ್ಲೈವೀಲ್, 6.5ಕ್ಕೆ 1ರ ಕಡಿಮೆ ಕಂಪ್ರೆಶನ್: ಹೈವೇದಲ್ಲಿ ಇವು ದೋಷ, ಏರಿನ ಬಂಡೆಯ ಮೇಲೆ ಇವೇ ಗುಣ.

ಭಾರ ಮಾತ್ರ ಭಾರವೇ. ನೂರಾ ಅರವತ್ತು ಕಿಲೋ ದಾಟಿದ ಗಾಡಿಯನ್ನು ಬಂಡೆಯ ಮೇಲೆ ಎತ್ತಿ ಇಡಲಿಕ್ಕಾಗುವುದಿಲ್ಲ. ಅದನ್ನು ಒಪ್ಪಿಕೊಂಡೇ ಇಳಿಯಿರಿ.

ಹಿಡಿಯುವಾಗ ಬಲಗಡೆ ಗೇರ್ ಇರುವ, ನಾಲ್ಕು ಗೇರಿನ, ಕಿಡಿ ಹೊರಡಿಸುವ ಪ್ಲಾಟಿನಂ ಪಾಯಿಂಟ್ ಇರುವ ಬೀಡಿನ 350 ನೋಡಿ. 2019ರಲ್ಲಿ ಕಂಪನಿಯೇ 'ಟ್ರಯಲ್ಸ್' ಅಂತ ಹೆಸರಿಟ್ಟು ಎತ್ತರದ ಸೈಲೆನ್ಸರ್ ಹಾಕಿದ ಬುಲೆಟ್ ಬಿಟ್ಟಿತ್ತು. ಅದು ಹೊಸ ಎಂಜಿನ್ನಿನದು, ನೋಡಿ ಕಲಿಯಲು ಚಂದ, ಅದರ ಬಿಡಿಭಾಗ ಹಳೇದಕ್ಕೆ ನೇರವಾಗಿ ಕೂಡುವುದಿಲ್ಲ.

ಪಾನಾ ಹಿಡಿಯುವ ಮೊದಲು ಕಾಗದ

ಆರ್‌ಸಿ ಇಲ್ಲದ ಗಾಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಇಡೀ ಗಾಡಿ ಅಂತ ಕೊಳ್ಳಬೇಡಿ. 1989ಕ್ಕಿಂತ ಹಿಂದಿನ ಹಳೇ ಸರಣಿಯ ನಂಬರಿನ ಗಾಡಿಗಳು ಹಳ್ಳಿಗಳಲ್ಲಿ ದನದ ಕೊಟ್ಟಿಗೆಯೊಳಗೆ ನಿಂತಿರುತ್ತವೆ. ಮೊದಲ ಮಾಲೀಕರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರು-ಪುಣೆಯಲ್ಲಿರುತ್ತಾರೆ. ಅಂಥ ಕಡೆ ವಾರಸುದಾರರ ಸಹಿ ಸಿಗುತ್ತದೆಯೇ ಅಂತ ಮೊದಲೇ ಕೇಳಿ. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30, ಗಾಡಿ ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ಎನ್‌ಒಸಿಗೆ ಫಾರ್ಮ್ 28, ಹದಿನೈದು ವರ್ಷ ದಾಟಿದ ಆರ್‌ಸಿ ನವೀಕರಣಕ್ಕೆ ಫಾರ್ಮ್ 25. ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63, ಗದಗದ ಕೆಎ-26, ಹಾವೇರಿಯ ಕೆಎ-27 ಇವು ಬೇರೆ ಬೇರೆ ಕಚೇರಿಗಳು ಅನ್ನುವುದು ನೆನಪಿರಲಿ.

ಎಂಜಿನ್ ನಂಬರ್ ಮತ್ತು ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೊಂದಿಸಿ ನೋಡಿ. ಬುಲೆಟ್ಟಿನಲ್ಲಿ ಎಂಜಿನ್ ಕೇಸ್ ಬದಲಾಗಿರುವುದು ಸಾಮಾನ್ಯ. ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು.

ಗಾಡಿ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ್ದರೆ, 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇತ್ತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಎರಡನ್ನೂ ಲೆಕ್ಕಕ್ಕೆ ಹಿಡಿದು ನಾನು ಕೊಡುವ ಸಲಹೆ: ಫ್ರೇಮಿಗೆ ಗ್ಯಾಸ್ ಕಟರ್ ತಾಗಿಸಬೇಡಿ. ಟ್ರಯಲ್ಸ್‌ಗೆ ಬೇಕಾದ ಪ್ರತಿಯೊಂದು ಬದಲಾವಣೆಯೂ ನಟ್-ಬೋಲ್ಟಿನಲ್ಲಿ ಕೂಡಿ, ನಟ್-ಬೋಲ್ಟಿನಲ್ಲೇ ಬಿಚ್ಚುವಂತಿರಲಿ. ತೆಗೆದ ಮೂಲ ಸೀಟು, ಮಡ್‌ಗಾರ್ಡು, ರಿಮ್ಮು, ಸೈಲೆನ್ಸರ್ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ.

ಬಿಚ್ಚುವ ಕ್ರಮ

ಮೊಬೈಲ್ ಇದೆ, ಫೋಟೊ ತೆಗೆಯಿರಿ: ವೈರು, ಕೇಬಲ್ಲು ಯಾವ ಕಡೆಯಿಂದ ಹಾಯ್ದಿವೆ, ವಾಶರ್ ಯಾವ ಮಗ್ಗುಲಿಗಿದೆ. ಒಂದೊಂದು ಜಾಗದ ನಟ್-ಬೋಲ್ಟಿಗೆ ಒಂದೊಂದು ಡಬ್ಬಿ, ಮೇಲೆ ಚೀಟಿ.

ಹಳೇ ಬುಲೆಟ್ಟಿನಲ್ಲಿ ಬ್ರಿಟಿಷ್ ಅಳತೆಯ ಥ್ರೆಡ್ಡು, ಮೆಟ್ರಿಕ್ ಥ್ರೆಡ್ಡು ಎರಡೂ ಕಲಬೆರಕೆಯಾಗಿರುತ್ತವೆ. ಮಿಲಿಮೀಟರ್ ಪಾನಾ ಹಾಕಿ ಬಲವಂತ ಮಾಡಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಬ್ರಿಟಿಷ್ ಅಳತೆಯ ವಿಟ್‌ವರ್ತ್ ಪಾನಾದ ಒಂದು ಸೆಟ್ ಹೊಂದಿಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ಸದರ್ನ್ ಮರಾಠಾ ರೈಲ್ವೆ ಕಟ್ಟಿದ ವರ್ಕ್‌ಶಾಪ್ ಇರುವ ಊರು ನಮ್ಮದು. ಹಳೇ ಫಿಟ್ಟರುಗಳ ಮನೆಯ ಪೆಟ್ಟಿಗೆಯಲ್ಲಿ, ಹಳೇ ಕಬ್ಬಿಣದ ಅಂಗಡಿಗಳಲ್ಲಿ ಇಂಥ ಪಾನಾ ಹುಡುಕಿದರೆ ಸಿಗುತ್ತವೆ, ಹೊಸದಕ್ಕಿಂತ ಗಟ್ಟಿಯೂ ಇರುತ್ತವೆ.

ತುಕ್ಕು ಹಿಡಿದ ಬೋಲ್ಟಿಗೆ ಚಿಮಣಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಬ್ರೇಕ್ ಡ್ರಮ್ಮಿನೊಳಗಿನ ಹಳೇ ಪುಡಿಯನ್ನು ಊದಬೇಡಿ, ಕಂಪ್ರೆಸರ್ ಗಾಳಿಯನ್ನಂತೂ ಹೊಡೆಯಲೇಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಅರಿವೆಯಿಂದ ಒರೆಸಿ ತೆಗೆಯಿರಿ.

ಬಿಡಿಭಾಗದ ಬೇಟೆ

ಬೇಟೆಗೆ ಹೊರಡುವ ಮೊದಲು ಮೂರು ಪಟ್ಟಿ ಮಾಡಿಕೊಳ್ಳಿ: ಉಳಿಸಿಕೊಳ್ಳುವುದು, ಲೇಥಿನಲ್ಲಿ ಸರಿಮಾಡಿಸುವುದು, ಕೊಳ್ಳಲೇಬೇಕಾದದ್ದು. ಬಹಳ ಜನ ಮೂರನೇ ಪಟ್ಟಿಯನ್ನೇ ಉದ್ದ ಮಾಡುತ್ತಾರೆ. ಗುಜರಿಯ ಅಣ್ಣನೊಬ್ಬರು ನನಗೆ ಹೇಳಿದ ಮಾತು ಪಕ್ಕಾ: "ಹಳೇದನ್ನ ಒಗೀಬ್ಯಾಡ್ರಿ ಅಣ್ಣಾರ. ಸವದ್ರೂ ಅದರ ಕಬ್ಬಿಣ ಛಲೋ ಐತಿ. ಹೊಸಾದು ಮಿಂಚತೈತಿ, ಎರಡ ತಿಂಗಳಿಗೆ ಕೈಯಾಗ ಬರತೈತಿ."

ಅಂಗಡಿಯಲ್ಲಿ ಮೂರು ಥರದ ಮಾಲು ಸಿಗುತ್ತದೆ. ಕಂಪನಿ ಮಾಲು, ಕಂಪನಿಗೆ ಪೂರೈಸುತ್ತಿದ್ದವರೇ ತಮ್ಮ ಹೆಸರಿನಲ್ಲಿ ಮಾರುವ ಮಾಲು, ಮತ್ತು ಲೋಕಲ್. ಗ್ಯಾಸ್ಕೆಟ್, ಕೇಬಲ್, ರಬ್ಬರಿನ ಸಾಮಾನು ಲೋಕಲ್ ಆದರೂ ನಡೆದೀತು. ಟ್ಯಾಪೆಟ್, ಕ್ಯಾಮ್, ವಾಲ್ವ್ ಗೈಡ್, ಗೇರ್ ಪಿನಿಯನ್ ವಿಷಯದಲ್ಲಿ ರೊಕ್ಕ ನೋಡಬೇಡಿ. ಟ್ಯಾಪೆಟ್ ಕೊಳ್ಳುವಾಗ ಅಂಗಡಿಯವರನ್ನು ಕೇಳಿಯೇ, ಕ್ಯಾಮಿಗೆ ತಾಗದ ಅಂಚಿನಲ್ಲಿ, ಸಣ್ಣ ಅರವೊಂದನ್ನು ಹಗುರಾಗಿ ಎಳೆದು ನೋಡಿ. ಹದ ಕೊಟ್ಟ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಜಾರಿದ ಹಾಗೆ ಕಿರ್ ಅಂತ ಜಾರುತ್ತದೆ. ಕಚ್ಚಿ ಗೀರು ಮೂಡಿಸಿದರೆ ಅದು ಮೆತ್ತಗಿನ ಮಾಲು. ಅದರ ಪುಡಿಯೆಲ್ಲ ನಾಳೆ ಎಂಜಿನ್ ಆಯಿಲ್ಲಿನಲ್ಲಿ ತಿರುಗಾಡುತ್ತದೆ. ನೋಡಲು ಬಿಡದ ಅಂಗಡಿಯಿಂದ ಟ್ಯಾಪೆಟ್ ಕೊಳ್ಳಬೇಡಿ.

ಬೇರಿಂಗಿಗೆ ಬೈಕಿನ ಅಂಗಡಿಗೆ ಹೋಗುವ ಜರೂರಿಲ್ಲ. ಬೇರಿಂಗಿನ ಮಗ್ಗುಲಲ್ಲಿ ನಂಬರ್ ಕೊರೆದಿರುತ್ತದೆ. 6203 ಅಂತ ಇದ್ದರೆ ಒಳಗಿನ ತೂತು 17, ಹೊರಗಿನ ಅಗಲ 40, ದಪ್ಪ 12 ಮಿಲಿಮೀಟರ್. ಆ ನಂಬರ್ ಬರೆದುಕೊಂಡು ಪಂಪು-ಮೋಟಾರಿನವರಿಗೆ ಮಾರುವ ಬೇರಿಂಗ್ ಅಂಗಡಿಗೆ ಹೋದರೆ ಒಳ್ಳೆ ಕಂಪನಿಯದೇ ಸಿಗುತ್ತದೆ. ಆಯಿಲ್ ಸೀಲಿಗೂ ಹೀಗೆಯೇ: ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅದರ ಮೇಲೆ ಅಚ್ಚಾಗಿರುತ್ತವೆ.

ಬುಶ್ಶುಗಳನ್ನು ಹುಡುಕಿಕೊಂಡು ಊರೂರು ತಿರುಗಬೇಡಿ. ಒಂದು ತುಂಡು ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಝ್ ರಾಡು ತಂದು ಗೋಕುಲ ರಸ್ತೆಯ ಅಥವಾ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕೆಲಸ ಹಿಡಿಯುವ ಲೇಥಿನವರಿಗೆ ಕೊಡಿ. ಬರೀ ಬುಶ್ ಒಯ್ದರೆ ಸಾಲದು, ಅದರೊಳಗೆ ತಿರುಗುವ ಶಾಫ್ಟನ್ನೂ ಒಯ್ಯಿರಿ, ಯಾಕೆಂದರೆ ಸವೆದದ್ದು ಎರಡೂ. ತಿಂಗಳ ಕೊನೆಯಲ್ಲಿ ಅವರಿಗೆ ಕಾರ್ಖಾನೆಗಳ ಆರ್ಡರಿನ ಗಡಿಬಿಡಿ ಇರುತ್ತದೆ. ತಿಂಗಳ ಮೊದಲ ವಾರದಲ್ಲಿ ಹೋದರೆ ನಿಮ್ಮ ಮಾತಿಗೆ ಕಿವಿ ಸಿಗುತ್ತದೆ. ಕ್ರ್ಯಾಂಕಿನಂಥ ದೊಡ್ಡ ಕೆಲಸ ಇಲ್ಲಿ ಹೊಂದದಿದ್ದರೆ ಬೆಳಗಾವಿಯ ಉದ್ಯಮಬಾಗ ದೂರವೇನಲ್ಲ, ಎರಕ ಮತ್ತು ಮಶಿನಿಂಗ್ ಎರಡಕ್ಕೂ ಹೆಸರಾದ ಜಾಗ. ಕೊಲ್ಹಾಪುರವೂ ಅಷ್ಟೇ.

ಬಳಸಿದ ಮಾಲಿಗೆ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ. ಹೊಸ ಬುಲೆಟ್ ಸಾಮಾನಿಗೆ ದೆಹಲಿಯ ಕರೋಲ್‌ಬಾಗ್. ಅಲ್ಲಿಂದ ಪಾರ್ಸಲ್ ತರಿಸಬಹುದು, ಆದರೆ ಲೋಕಲ್ ಮಾಲು ಅತಿ ಹೆಚ್ಚು ಹರಿದಾಡುವುದೂ ಅಲ್ಲಿಂದಲೇ. ಎಲ್ಲಿ ಕೇಳಿದರೂ ಪಾರ್ಟ್ ನಂಬರಿನಿಂದ ಕೇಳಿ. ಇಂಗ್ಲೆಂಡಿನ ಹಿಚ್‌ಕಾಕ್ಸ್ ಎಂಬ ಎನ್‌ಫೀಲ್ಡ್ ಬಿಡಿಭಾಗದ ವ್ಯಾಪಾರಿಗಳು ಚಿತ್ರಸಹಿತ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವರಿಂದ ಕೊಳ್ಳದಿದ್ದರೂ ಯಾವ ವಾಶರ್ ಯಾವುದರ ಹಿಂದೆ ಅಂತ ನೋಡಲು ಅದರಷ್ಟು ಅನುಕೂಲದ್ದು ಬೇರೆ ಸಿಕ್ಕಿಲ್ಲ.

ಗುಜರಿಯಲ್ಲಿ ಚೌಕಾಶಿಗೆ ಒಂದು ಮಾತು. "ಬುಲೆಟ್ ಗೇರ್‌ಬಾಕ್ಸಿನ ಎರಡನೇ ಪಿನಿಯನ್ ಐತ್ಯೇನ್ರಿ ಕಾಕಾ?" ಅಂತ ಕೇಳಿದರೆ ಅದೊಂದಕ್ಕೇ ದೊಡ್ಡ ರೇಟು ಹೇಳುತ್ತಾರೆ. ಇಡೀ ಗೇರ್‌ಬಾಕ್ಸನ್ನು ತೂಕದ ಲೆಕ್ಕಕ್ಕೆ ಕೇಳಿ. ಒಳಗಿನ ಉಳಿದ ಪಿನಿಯನ್ನುಗಳು ಮುಂದೆ ಎಂದಾದರೂ ಉಪಯೋಗಕ್ಕೆ ಬಂದೇ ಬರುತ್ತವೆ.

ಎಂಜಿನ್: ಮೊದಲು ಆಯಿಲ್ ಪಂಪು

ಮಿಸ್ತ್ರಿಗಳು ಸಾಮಾನ್ಯವಾಗಿ ಬೋರಿನಿಂದ ಶುರುಮಾಡುತ್ತಾರೆ. ನಾನು ಪಂಪಿನಿಂದ ಶುರುಮಾಡಿ ಅನ್ನುತ್ತೇನೆ. ಬುಲೆಟ್ಟಿನ ಆಯಿಲ್ ಬೇರೆ ಟ್ಯಾಂಕಿನಲ್ಲಿಲ್ಲ, ಕ್ರ್ಯಾಂಕ್ ಕೇಸಿನ ಹಿಂಭಾಗದಲ್ಲೇ ಅದಕ್ಕೊಂದು ಕೋಣೆಯಿದೆ. ಒಂದು ಪಂಪು ಅಲ್ಲಿಂದ ಎಣ್ಣೆಯನ್ನು ಎಂಜಿನ್ನಿಗೆ ಕೊಡುತ್ತದೆ, ಇನ್ನೊಂದು ತಳದಿಂದ ಎತ್ತಿ ವಾಪಸ್ ತರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಂಪಿನ ಡಿಸ್ಕಿನ ಮುಖ ಸವೆದು, ಎಣ್ಣೆಯೆಲ್ಲ ಮೆಲ್ಲಗೆ ಫ್ಲೈವೀಲಿನ ಕೋಣೆಗೆ ಇಳಿದುಬಿಡುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಓಣಿ ತುಂಬ ಹೊಗೆ, ಎಂಜಿನ್ ಗಾಳಿ ಬಿಡುವ ಬ್ರೀದರಿನಿಂದ ಎಣ್ಣೆ. ಬಹಳ ಜನ ಇದನ್ನು ನೋಡಿ ರಿಂಗ್ ಹೋಗಿದೆ ಅಂತ ಬೋರ್ ಮಾಡಿಸುತ್ತಾರೆ.

ಬಲಗಡೆಯ ಟೈಮಿಂಗ್ ಕವರ್ ತೆಗೆಯಿರಿ. ಕ್ರ್ಯಾಂಕಿನ ತುದಿಯಲ್ಲಿ ಪಂಪನ್ನು ತಿರುಗಿಸುವ ವರ್ಮ್ ನಟ್ ಇದೆ. ಅದು ಉಲ್ಟಾ ಥ್ರೆಡ್ಡಿನದು, ಎಲ್ಲ ನಟ್ಟಿನಂತೆ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಪಂಪಿನ ಮುಚ್ಚಳ ತೆಗೆದರೆ ಸ್ಪ್ರಿಂಗು, ಅದರ ಹಿಂದೆ ಡಿಸ್ಕು. ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳು ಕಾಣುತ್ತವೆ, ಒಮ್ಮೊಮ್ಮೆ ಉಗುರಿಗೇ ತಾಗುತ್ತವೆ. ಹಿತ್ತಾಳೆ ಪಾಲಿಶ್ ಮಾಡುವ ಬ್ರಾಸೋದ ಒಂದು ಹನಿ ಡಿಸ್ಕಿಗೆ ಹಚ್ಚಿ, ಅದರದೇ ಸೀಟಿನ ಮೇಲೆ ಇಟ್ಟು ಬೆರಳಿನ ಭಾರದಲ್ಲೇ ಅತ್ತ-ಇತ್ತ ತಿರುಗಿಸಿ. ಒತ್ತಬೇಡಿ. ನಡುನಡುವೆ ಒರೆಸಿ ನೋಡಿ. ಮೊದಲು ಅಲ್ಲಲ್ಲಿ ಹೊಳೆಯುವ ಕಲೆಗಳು ಉಳಿದಿರುತ್ತವೆ. ಇಡೀ ಮುಖ ಒಂದೇ ಸಮ ಬೂದು ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ. ಎರಡೂ ಡಿಸ್ಕುಗಳನ್ನು ಅದಲು-ಬದಲು ಮಾಡುವಂತಿಲ್ಲ. ಆಮೇಲೆ ಚಿಮಣಿ ಎಣ್ಣೆಯಿಂದ ತೊಳೆದು, ತೂತುಗಳೊಳಗೆಲ್ಲ ಗಾಳಿ ಹೊಡೆದು, ಮತ್ತೆ ತೊಳೆಯಿರಿ. ಪಾಲಿಶಿನ ಒಂದು ಕಣ ಉಳಿದರೂ ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡಿಗೆ ಕುತ್ತು. ಜೋಡಿಸುವಾಗ ಪಂಪಿನಲ್ಲಿ ಎಣ್ಣೆ ತುಂಬಿ ಕೂರಿಸಿ, ಟೈಮಿಂಗ್ ಕವರಿನೊಳಗಿನ ಫೆಲ್ಟ್ ಫಿಲ್ಟರ್ ಹೊಸದು ಹಾಕಿ.

ಬಿಗ್ ಎಂಡ್ ನೋಡಲು ಸಿಲಿಂಡರ್ ಎತ್ತಿ ಕನೆಕ್ಟಿಂಗ್ ರಾಡನ್ನು ನೇರ ಮೇಲೆ-ಕೆಳಗೆ ಎಳೆಯಿರಿ. ಮಗ್ಗುಲಿಗೆ ಸ್ವಲ್ಪ ಆಡಿದರೆ ಚಿಂತೆಯಿಲ್ಲ, ಮೇಲೆ-ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಬಿಚ್ಚಲೇಬೇಕು. ಹಳೇ ಬುಲೆಟ್ಟಿನಲ್ಲಿ ಇಲ್ಲಿ ತೇಲುವ ಬುಶ್ ಇರುತ್ತದೆ. ಈಗ ರೋಲರ್ ಬೇರಿಂಗಿನ ಸೆಟ್ಟೂ ಸಿಗುತ್ತದೆ. ನಡಿಗೆ ವೇಗದ ಕೆಲಸಕ್ಕೆ ಬುಶ್ಶೇ ಸಾಕು, ಎಣ್ಣೆ ಸರಿಯಾಗಿ ಬರುತ್ತಿದ್ದರೆ ಅದು ಬಹಳ ವರ್ಷ ಬಾಳುತ್ತದೆ. ಯಾವುದನ್ನೇ ಹಾಕಿದರೂ ಫ್ಲೈವೀಲುಗಳನ್ನು ಡಯಲ್ ಗೇಜ್ ಇಟ್ಟು ನೇರ ಮಾಡುವವರ ಕೈಗೇ ಕೊಡಿ. ಕಣ್ಣಂದಾಜಿನಲ್ಲಿ ಸುತ್ತಿಗೆಯಿಂದ ಬಡಿದು ಸರಿಮಾಡುತ್ತೇವೆ ಅನ್ನುವವರಿಗೆ ಕೈಮುಗಿದು ವಾಪಸ್ ಬನ್ನಿ.

ಬೋರಿಗೆ ಕೊಡುವ ಮೊದಲು ಪಿಸ್ಟನ್ ತಂದುಕೊಳ್ಳಿ. 20, 40, 60 ಸೈಜುಗಳೆಂದರೆ ಇಂಚಿನ ಸಾವಿರದ ಭಾಗಗಳು, 20 ಅಂದರೆ ಸುಮಾರು ಅರ್ಧ ಮಿಲಿಮೀಟರ್. ಬೋರ್ ಆಗುವುದು ಆ ಪಿಸ್ಟನ್ನಿನ ಅಳತೆಗೆ, ಡಬ್ಬಿಯ ಮೇಲೆ ಬರೆದ ಸಂದು ಬಿಟ್ಟು. ಬೀಡಿನ ಸಿಲಿಂಡರ್ ಬಿಸಿಗೆ ಬೇಗ ಹಿಗ್ಗುವುದಿಲ್ಲ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗುತ್ತದೆ. ಟ್ರಯಲ್ಸ್ ಗಾಡಿಗೆ ಗಾಳಿ ಹೊಡೆಯುವುದೂ ಕಡಿಮೆ. ಹೀಗಾಗಿ ತೀರ ಬಿಗಿಯಾಗಿ ಬೋರ್ ಮಾಡಿಸಿದರೆ ಏರಿನ ನಡುವೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಿನ ಕಂಪ್ರೆಶನ್ನಿನ ಪಿಸ್ಟನ್ ಯಾರಾದರೂ ತೋರಿಸಿದರೆ ಬೇಡ ಅನ್ನಿ.

ಟ್ಯಾಪೆಟ್ ಹೊಂದಿಸುವುದು ತಣ್ಣಗಿನ ಎಂಜಿನ್ನಿನಲ್ಲಿ. ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿದ್ದಾಗ ಪುಶ್‌ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಮೇಲೆ-ಕೆಳಗೆ ಆಡಬಾರದು. ಫೀಲರ್ ಗೇಜ್ ಬೇಕಿಲ್ಲ. ಪಾಯಿಂಟಿನ ಸಂದು 0.35ರಿಂದ 0.40 ಮಿ.ಮೀ., ಕಿಡಿ ಹೊರಡುವ ಹೊತ್ತಿಗೆ ಪಿಸ್ಟನ್ ತುದಿಗಿಂತ 0.8 ಮಿ.ಮೀ. ಕೆಳಗಿರಬೇಕು, ವೇಗ ಏರಿದಂತೆ ಕಿಡಿಯನ್ನು ಮುಂದಾಗಿಸುವ ಅಡ್ವಾನ್ಸ್ ತೂಕಗಳು ಪೂರ್ತಿ ಮಡಚಿಕೊಂಡಿದ್ದಾಗ. ಪಾಯಿಂಟಿನ ನಡುವೆ ತೆಳುವಾದ ಕಾಗದದ ಚೂರು ಸಿಕ್ಕಿಸಿ ಎಂಜಿನ್ ತಿರುಗಿಸಿ. ಕಾಗದ ಸಡಿಲಾಗಿ ಜಾರಿದ ಕ್ಷಣವೇ ಪಾಯಿಂಟ್ ತೆರೆದದ್ದು. ಅಡ್ವಾನ್ಸ್ ತೂಕಗಳ ಸ್ಪ್ರಿಂಗ್ ಜೋತುಬಿದ್ದಿದ್ದರೆ ಬದಲಿಸಿ, ಐಡಲಿಂಗ್ ಕುಂಟುವುದು ಬಹಳ ಸಲ ಇದರಿಂದಲೇ.

ಕ್ಲಚ್, ಗೇರ್, ಸ್ಪ್ರಾಕೆಟ್

ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನನ್ನು ಮುಚ್ಚುವ ಎಡಗಡೆಯ ಪ್ರೈಮರಿ ಕವರ್ ನಡುವಿನ ಒಂದೇ ನಟ್ಟಿನಿಂದ ನಿಂತಿರುತ್ತದೆ. ಸೋರುತ್ತದೆ ಅಂತ ಆ ನಟ್ಟನ್ನು ಬಿಗಿದೂ ಬಿಗಿದೂ ಕವರನ್ನೇ ಬಗ್ಗಿಸಿಟ್ಟಿರುತ್ತಾರೆ. ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ಎಲ್ಲಿ ಬೆಳಕು ನುಸುಳುತ್ತದೆ ನೋಡಿ, ಮಟ್ಟ ಮಾಡಿ, ಹೊಸ ರಬ್ಬರ್ ಹಾಕಿ.

350ರಲ್ಲಿ ಗೇರ್‌ಬಾಕ್ಸಿನ ಸ್ಪ್ರಾಕೆಟ್ಟಿಗೆ ಸಾಮಾನ್ಯವಾಗಿ 16 ಹಲ್ಲು, ಹಿಂದೆ 38. ನಿಮ್ಮದರಲ್ಲಿ ಎಣಿಸಿ ನೋಡಿ. ಮುಂದಿನದನ್ನು 14ಕ್ಕೆ ಇಳಿಸಿದರೆ 2.375 ಇದ್ದ ಅನುಪಾತ 2.71 ಆಗುತ್ತದೆ, ಫಸ್ಟ್ ಗೇರಿನಲ್ಲಿ ನಡಿಗೆ ವೇಗ ಸಿಗುತ್ತದೆ. ಸಣ್ಣ ಸ್ಪ್ರಾಕೆಟ್ ಸಿಗದಿದ್ದರೆ ಹಳೇದರ ನಡುಭಾಗ ಉಳಿಸಿಕೊಂಡು ಹೊಸ ಹಲ್ಲು ಕಡಿಸಬಹುದು. ಇದು ಕ್ಲಚ್ಚಿನ ಹಿಂದೆ ಕೂತಿರುವುದರಿಂದ ಪ್ರೈಮರಿ ಬಿಚ್ಚಿದಾಗಲೇ ಈ ಕೆಲಸ ಮುಗಿಸಿ. ಹಿಂದಿನ ಹಲ್ಲುಗಳು ಬ್ರೇಕ್ ಡ್ರಮ್ಮಿನ ಜೊತೆಗೇ ಎರಕವಾಗಿವೆ. ಸವೆದಿದ್ದರೆ ಡ್ರಮ್ಮನ್ನೇ ಬದಲಿಸಬೇಕು.

ಚಕ್ರ ಮತ್ತು ಟೈರು

ರೊಕ್ಕ ಕರಗುವ ಜಾಗ ಇದು. ಬುಲೆಟ್ಟಿಗೆ ಬರುವುದು ಎರಡೂ ಕಡೆ 19 ಇಂಚಿನ ಚಕ್ರ. ಟ್ರಯಲ್ಸ್‌ಗೆ ಮುಂದೆ 2.75-21, ಹಿಂದೆ 4.00-18 ರೂಢಿಯ ಅಳತೆ. ಮೊದಲೆಲ್ಲ 21 ಇಂಚಿನ ರಿಮ್ಮು ಇಲ್ಲಿ ಕನಸಾಗಿತ್ತು. ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ಬೈಕುಗಳು ಬಂದ ಮೇಲೆ ಈ ಅಳತೆಯ ರಿಮ್ಮು-ಟೈರು ಊರಲ್ಲೇ ಸಿಗುತ್ತವೆ. ಕೊಳ್ಳುವ ಮೊದಲು ಸ್ಪೋಕಿನ ತೂತು ಎಣಿಸಿ. ಬುಲೆಟ್ಟಿನ ಹಬ್ಬಿಗೆ 40 ಸ್ಪೋಕು, ಹೊಸ ಗಾಡಿಗಳ ರಿಮ್ಮಿನಲ್ಲಿ ಕಡಿಮೆ ಇರುತ್ತವೆ. ಎಣಿಕೆ ತಪ್ಪಿದರೆ ರಿಮ್ಮು ಗೋಡೆಗೆ ತೂಗುಹಾಕಲಿಕ್ಕೇ ಸೈ. ಸ್ಪೋಕ್ ಕಟ್ಟಿ ಔಟ್ ತೆಗೆಯುವ ಕೈ ಈಗ ಅಪರೂಪ. ಹಳೇ ಸೈಕಲ್ ಅಂಗಡಿಗಳಲ್ಲಿ ಕೇಳಿ.

ಖರ್ಚು ತಾಳದಿದ್ದರೆ 19ರ ರಿಮ್ಮನ್ನೇ ಇಟ್ಟುಕೊಂಡು ಗುಂಡಿಯಂಥ ಉಬ್ಬುಗಳಿರುವ ಒಳ್ಳೆ ಟೈರು ಹಾಕಿ ಶುರುಮಾಡಿ. ರಿಮ್ ಲಾಕ್ ಮಾತ್ರ ಬಿಡಬೇಡಿ. ಗಾಳಿ ಕಡಿಮೆ ಮಾಡಿದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ.

ಮಡ್‌ಗಾರ್ಡ್ ವಿಷಯದಲ್ಲಿ ಇಂಗ್ಲೆಂಡಿನ ಫೋಟೊ ನೋಡಿ ನಕಲು ಮಾಡಬೇಡಿ. ನಮ್ಮ ಎರೆ ಮಣ್ಣು ಒಂದು ಮಳೆ ಬಿದ್ದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ನವಲಗುಂದ, ಗದಗದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಅಲ್ಯೂಮಿನಿಯಂ ಹಾಳೆಯ ಮಡ್‌ಗಾರ್ಡನ್ನು ಮೂರು ಬೆರಳು ಸಲೀಸಾಗಿ ಹೋಗುವಷ್ಟು ಎತ್ತರಿಸಿ ಕಟ್ಟಿ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ-ಅಳ್ನಾವರದ ಕೆಂಪು ಮಣ್ಣಿನಲ್ಲಿ ಇಷ್ಟು ತಾಪತ್ರಯವಿಲ್ಲ.

ಫ್ರೇಮು, ಟಾಕಿ, ಉಳಿದದ್ದು

ಟ್ರಯಲ್ಸ್ ಸವಾರ ನಿಂತೇ ಓಡಿಸುತ್ತಾನೆ. ಫುಟ್‌ರೆಸ್ಟ್ ಒಂದಿಷ್ಟು ಹಿಂದಕ್ಕೆ, ಮೇಲಕ್ಕೆ, ಹ್ಯಾಂಡಲ್ ಅಗಲ. ಇದಕ್ಕೆ ಇರುವ ಬೋಲ್ಟಿನ ತೂತುಗಳಿಗೇ ಕೂಡುವ ಪಟ್ಟಿ ಮಾಡಿಸಿ. ಕ್ರ್ಯಾಂಕ್ ಕೇಸಿನ ಕೆಳಗೆ ದಪ್ಪ ತಗಡಿನ ಗಾರ್ಡ್ ಕಡ್ಡಾಯ, ಬಂಡೆಗೆ ಮೊದಲು ತಾಗುವುದು ಅದೇ. ಸೈಲೆನ್ಸರ್ ಮೇಲಕ್ಕೆತ್ತಿದರೆ ತೊಡೆಯ ಕಡೆ ಶಾಖ ತಡೆಯುವ ತಗಡು ಹಾಕಿ.

ಪೌಡರ್ ಕೋಟಿಂಗಿಗೆ ಕೊಡುವಾಗ ಚಾಸಿ ನಂಬರಿನ ಮೇಲೆ ಟೇಪ್ ಹಚ್ಚಿಸಿ. ನಂಬರ್ ಮುಚ್ಚಿಹೋದರೆ ಆರ್‌ಟಿಒ ತಪಾಸಣೆಯಲ್ಲಿ ಉತ್ತರ ಹೇಳುವವರು ನೀವೇ. ಕೈಯಿಂದ ಬಣ್ಣ ಹೊಡೆಯುವುದಾದರೆ ಧಾರವಾಡದ ಜಿಟಿಜಿಟಿ ಮಳೆಗಾಲ ಬೇಡ, ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಟಾಕಿಯೊಳಗಿನ ತುಕ್ಕಿಗೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ, ರಸ್ಟ್ ರಿಮೂವರ್ ಬಿಟ್ಟು ತೊಳೆಯಿರಿ. ಪೆಟ್ರೋಲ್ ವಾಸನೆ ಇರುವ ಟಾಕಿಗೆ ವೆಲ್ಡಿಂಗ್ ಮಾಡಿಸಲೇಬಾರದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ, ಹಳೇ ರಬ್ಬರ್ ಪೈಪು, ಕಾರ್ಕಿನ ವಾಶರ್ ಅದಕ್ಕೆ ತಾಳುವುದಿಲ್ಲ. ಎಲ್ಲ ಹೊಸದು ಹಾಕಿ, ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಟಾಕಿ ಖಾಲಿ ಮಾಡಿ. ವೈರಿಂಗಿಗೆ ಹೊಸ ಕಿಟ್ಟು, ಅಷ್ಟೇ.

ಸ್ಟಾರ್ಟು ಮತ್ತು ಟ್ಯೂನಿಂಗು

ಮೊದಲ ಸಲ ಪ್ಲಗ್ ತೆಗೆದು ಕಿಕ್ ಹೊಡೆಯುತ್ತ ಎಣ್ಣೆ ಓಡಾಡಲು ಬಿಡಿ. ರಾಕರಿಗೆ ಹೋಗುವ ಪೈಪಿನ ತುದಿಯ ಬ್ಯಾಂಜೊ ಬೋಲ್ಟನ್ನು (ಎಣ್ಣೆ ಹಾಯಲು ತೂತಿರುವ ಬೋಲ್ಟು) ಸಡಿಲಿಸಿದರೆ ಎಣ್ಣೆ ಒಸರಬೇಕು. ಒಸರುವವರೆಗೆ ಸ್ಟಾರ್ಟ್ ಮಾಡಬೇಡಿ.

ಆಮೇಲೆ ಕೀಲಿ ಹಾಕಿ ಕಿಕ್ಕನ್ನು ಮೆಲ್ಲಗೆ ಒತ್ತಿ. ಆಂಪಿಯರ್ ಮೀಟರಿನ ಮುಳ್ಳು ಎಡದಿಂದ ನಡುವಿಗೆ ಬಂದಾಗ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಹಿಡಿದು ಕಿಕ್ಕನ್ನು ಇನ್ನೊಂಚೂರು ಇಳಿಸಿ, ಡಿಕಂಪ್ರೆಸರ್ ಬಿಟ್ಟು, ಕಿಕ್ ಮೇಲೆ ತಂದು ಒಂದೇ ಒದೆತ. ಎಕ್ಸಲರೇಟರ್ ತಿರುವುವ ಜರೂರಿಲ್ಲ.

ಬಿಸಿಯಾದ ಮೇಲೆ ಕಾರ್ಬುರೇಟರಿನ ಏರ್ ಸ್ಕ್ರೂವನ್ನು ಪೂರ್ತಿ ಮುಚ್ಚಿ ಒಂದೂವರೆ ಸುತ್ತು ತೆರೆಯಿರಿ. ಅಲ್ಲಿಂದ ಕಾಲು ಸುತ್ತಿನ ಲೆಕ್ಕದಲ್ಲಿ ಅತ್ತ-ಇತ್ತ ಮಾಡಿ ಎಂಜಿನ್ ಅತಿ ಸಮನಾಗಿ ತಿರುಗುವ ಜಾಗದಲ್ಲಿ ನಿಲ್ಲಿಸಿ, ಮತ್ತೆ ಐಡಲ್ ಇಳಿಸಿ. ಎಷ್ಟು ಮಾಡಿದರೂ ಐಡಲ್ ಏರಿಳಿದರೆ ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವೆ ಸಾಬೂನು ನೀರು ಸಿಂಪಡಿಸಿ. ಶಬ್ದ ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ.

ಪರೀಕ್ಷೆಗೆ ಸ್ವಂತ ಹೊಲದ ಬದು, ಒಣಗಿದ ಹಳ್ಳದ ದಂಡೆ ಸಾಕು. ಬೇರೆಯವರ ಹೊಲವಾದರೆ ಕೇಳಿಕೊಂಡೇ ಇಳಿಯಿರಿ, ಬೆಳೆ ಎದ್ದ ಮೇಲೆ. ಕಪ್ಪತಗುಡ್ಡ ಎಷ್ಟೇ ಆಸೆ ಹುಟ್ಟಿಸಿದರೂ ಅದು ವನ್ಯಜೀವಿಧಾಮ, ಗಾಡಿ ಒಯ್ಯುವ ಜಾಗವಲ್ಲ. ರಸ್ತೆಯಲ್ಲಿ ಮುಂದೆ 18, ಹಿಂದೆ 28 ಪೌಂಡ್ ಗಾಳಿ ಇರುವುದನ್ನು ಹೊಲಕ್ಕೆ ಬಂದ ಮೇಲೆ ಹತ್ತರ ಆಸುಪಾಸಿಗೆ ಇಳಿಸಿ. ಕಾಲು ಪಂಪು ಜೊತೆಗಿರಲಿ, ವಾಪಸ್ ಡಾಂಬರು ಹತ್ತುವ ಮೊದಲು ಗಾಳಿ ತುಂಬಲೇಬೇಕು. ಎರಡು ಕಲ್ಲಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಫಸ್ಟ್ ಗೇರಿನಲ್ಲಿ, ಕ್ಲಚ್ ಮುಟ್ಟದೆ, ನಿಂತುಕೊಂಡು ಸುತ್ತಿ. ಎಂಜಿನ್ ಕೆಮ್ಮಿದರೆ ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿ. ಹೊಗೆ ಕಪ್ಪಾಗಿ ಗುಡುಗುಡಿಸಿದರೆ ಒಂದು ಗೆರೆ ಮೇಲೆ. ಮೊದಲ ಐನೂರು ಕಿಲೋಮೀಟರಿನೊಳಗೆ ಆಯಿಲ್ ಬದಲಿಸಿ, ಹೆಡ್ ಬೋಲ್ಟು ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ತಣ್ಣಗಿದ್ದಾಗ ಇನ್ನೊಮ್ಮೆ ನೋಡಿ.